ತೆಪ್ಪಗಿರದ ಮರ

ಇಂಗ್ಲೆಂಡಿನ ಒಳನಾಡಿನ ನೀರಿನಲ್ಲಿ ಓಡಾಡುವ ಮೋಟಾರ್ ಕ್ರೂಸರ್ ಅಂದರೆ ಮಲಗಲು ಕಿರುಮಂಚ, ಚಹಾ ಕಾಯಿಸಲು ಒಲೆ, ತಲೆ ತಗ್ಗಿಸಿ ಹೊಗಬೇಕಾದ ಶೌಚಾಲಯ ಇಷ್ಟನ್ನೂ ಹೊಟ್ಟೆಯಲ್ಲಿ ತುಂಬಿಕೊಂಡ ಎಂಜಿನ್ ದೋಣಿ. ಉದ್ದ ಸಾಧಾರಣವಾಗಿ 25ರಿಂದ 45 ಅಡಿ. ಮೀನು ಹಿಡಿಯಲಿಕ್ಕಾಗಲಿ, ಸರಕು ಹೇರಲಿಕ್ಕಾಗಲಿ ಹುಟ್ಟಿದ್ದಲ್ಲ. ಪೇಟೆಯ ಗದ್ದಲದಿಂದ ನಾಲ್ಕು ದಿನ ತಪ್ಪಿಸಿಕೊಳ್ಳಬೇಕೆನ್ನುವವರಿಗಾಗಿಯೇ ಹುಟ್ಟಿದ್ದು. ಎರಡು ಮಹಾಯುದ್ಧಗಳ ನಡುವಿನ ವರ್ಷಗಳು ಮತ್ತು 1950ರ ದಶಕ ಇದರ ಸುಗ್ಗಿಕಾಲ. ಆಗ ಕಟ್ಟಿದವು ಬಹುಪಾಲು ಮರದವು. 1960ರ ದಶಕದಲ್ಲಿ ಫೈಬರ್‌ಗ್ಲಾಸ್ ಬಂತು. ಒಂದೇ ಅಚ್ಚಿನಿಂದ ಹತ್ತಾರು ದೋಣಿ ತೆಗೆಯುವುದು ಶುರುವಾಯಿತು. ಬಡಗಿಯ ಉಳಿ ಮೂಲೆ ಸೇರಿತು. ಉಳಿದುಕೊಂಡ ಮರದ ಕ್ರೂಸರುಗಳಿಗೆ ಈಗ ಅರವತ್ತರ ಮೇಲೆ ವಯಸ್ಸು, ಕೆಲವಕ್ಕೆ ನೂರು. ಅವನ್ನು ಮೇಲೆತ್ತಿ, ಹಲಗೆ ಬದಲಿಸಿ, ಮತ್ತೆ ನೀರಿಗೆ ಬಿಡುವ ಹುಚ್ಚು ಆ ದೇಶದಲ್ಲಿ ಸಾಕಷ್ಟು ಜನರಿಗೆ ಹತ್ತಿದೆ.

ಈ ಹುಚ್ಚಿನ ತವರುಗಳಲ್ಲಿ ಮುಖ್ಯವಾದದ್ದು ಪೂರ್ವ ಇಂಗ್ಲೆಂಡಿನ ನಾರ್ಫೋಕ್ ಬ್ರಾಡ್ಸ್. ಬ್ಯೂರ್, ಯೇರ್, ವೇವ್ನಿ, ಆಂಟ್, ಥರ್ನ್ ಎಂಬ ಸೋಮಾರಿ ನದಿಗಳು, ಅವುಗಳ ಮಗ್ಗುಲಿಗೆ ಹರಡಿಕೊಂಡ 60ಕ್ಕೂ ಹೆಚ್ಚು ಆಳವಿಲ್ಲದ ಕೆರೆಗಳು, ಎಲ್ಲ ಸೇರಿ ಸುಮಾರು 200 ಕಿಲೋಮೀಟರ್ ದೋಣಿದಾರಿ. ಈ ಕೆರೆಗಳು ತಾನಾಗಿ ಆದವು ಎಂದೇ ಬಹುಕಾಲ ಎಲ್ಲರೂ ತಿಳಿದಿದ್ದರು. 1950ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯಶಾಸ್ತ್ರಜ್ಞೆ ಜವುಗಿನಲ್ಲಿ ಸಾಲಾಗಿ ಕೊರೆದು ಮಣ್ಣು ತೆಗೆಸಿ ನೋಡಿದರು. ಕೆರೆಗಳ ಅಂಚು ಸಹಜ ಕೆರೆಯಂತೆ ಇಳಿಜಾರಾಗಿರದೆ ಗುದ್ದಲಿಯಲ್ಲಿ ಕಡಿದಂತೆ ನೆಟ್ಟಗೆ ಇಳಿದಿತ್ತು. ಅವು ಮಧ್ಯಯುಗದ ಜನ ಉರುವಲಿಗಾಗಿ ಪೀಟ್ ಮಣ್ಣು ಅಗೆದು ಬಿಟ್ಟುಹೋದ ಹೊಂಡಗಳು. ಆಮೇಲೆ ನೀರಿನ ಮಟ್ಟ ಏರಿ ತುಂಬಿಕೊಂಡವು. ಇಂದು ಪ್ರವಾಸಿಗರು ಪ್ರಕೃತಿಯ ಸೊಬಗೆಂದು ಫೋಟೊ ತೆಗೆದುಕೊಳ್ಳುವುದು ಒಂದು ಹಳೆಯ ಗಣಿಯದ್ದು.

ಈ ನೀರಿನಲ್ಲಿ ಮೊದಲು ಓಡಾಡುತ್ತಿದ್ದದ್ದು ವೆರಿ ಎಂಬ ಸರಕುದೋಣಿ. ಒಂದೇ ಕೂವೆಮರ, ಒಂದೇ ದೊಡ್ಡ ಕಪ್ಪು ಹಾಯಿ. ಸೇತುವೆ ಎದುರಾದರೆ ಕೂವೆಯನ್ನು ಹಿಂದಕ್ಕೆ ಮಲಗಿಸಿ ಅಡಿಯಿಂದ ನುಸುಳಿ, ಆಚೆ ದಾಟಿದ ಮೇಲೆ ಮತ್ತೆ ಎಬ್ಬಿಸುತ್ತಿದ್ದರು. ಬುಡದಲ್ಲಿ ಕಟ್ಟಿದ ಭಾರ ತೂಗಿಕೊಡುತ್ತಿದ್ದರಿಂದ ಅದು ಒಬ್ಬನ ಕೆಲಸ. 1874ರಲ್ಲಿ ರಾಕ್ಸಮ್ ಊರಿಗೆ ರೈಲು ಬಂತು. ವೆರಿಗಳ ಸರಕನ್ನು ಮೆಲ್ಲಗೆ ಕಿತ್ತುಕೊಂಡ ರೈಲೇ ರಜೆಯವರನ್ನೂ ತಂದು ಇಳಿಸಿತು. 1878ರ ಸುಮಾರಿಗೆ ಜಾನ್ ಲೋಯ್ನ್ಸ್ ಎಂಬ ದೋಣಿ ಬಡಗಿ ಹಾಯಿದೋಣಿಗಳನ್ನು ಬಾಡಿಗೆಗೆ ಕೊಡತೊಡಗಿದ. 1908ರಲ್ಲಿ ಬ್ಲೇಕ್ಸ್ ಎಂಬ ಏಜೆನ್ಸಿ ಬೇರೆ ಬೇರೆ ಯಜಮಾನರ ದೋಣಿಗಳನ್ನೆಲ್ಲ ಒಂದು ಪಟ್ಟಿಗೆ ತಂದಿತು. ಲಂಡನ್ನಿನಲ್ಲಿ ಕೂತವರು ಪಟ್ಟಿ ನೋಡಿ ಕಾಗದ ಬರೆದು ದೋಣಿ ಗೊತ್ತುಮಾಡುವ ಹಾಗಾಯಿತು. ಮೊದಲ ಮಹಾಯುದ್ಧ ಮುಗಿದ ಮೇಲೆ ಎಂಜಿನ್ ಬಂತು. ಗಾಳಿಯ ಗಂಧಗಾಳಿ ಗೊತ್ತಿಲ್ಲದವನೂ ಚುಕ್ಕಾಣಿ ಹಿಡಿದ.

ಹಾಯಿಯವರಿಗೆ ಇದನ್ನು ಸಹಿಸಲಾಗಲಿಲ್ಲ. ಆರ್ಥರ್ ರ‍್ಯಾನ್ಸಮ್ 1934ರಲ್ಲಿ ಬರೆದ ‘ಕೂಟ್ ಕ್ಲಬ್’ ಎಂಬ ಮಕ್ಕಳ ಕಾದಂಬರಿಯಲ್ಲಿ ಖಳನಾಯಕರ ವಾಹನವೇ ಮಾರ್ಗೊಲೆಟ್ಟಾ ಎಂಬ ಬಾಡಿಗೆ ಮೋಟಾರ್ ಕ್ರೂಸರ್. ಒಳಗಿರುವವರು ರೇಡಿಯೊ, ಗ್ರಾಮಫೋನು ಹಾಕಿಕೊಂಡು, ಅಲೆ ಎಬ್ಬಿಸಿಕೊಂಡು, ನೀರುಕೋಳಿಯ ಗೂಡಿನ ಮೇಲೇ ತಂದು ಕಟ್ಟುವ ಜನ. ಕಡೆಗೆ ಬ್ರೇಡನ್ ವಾಟರ್ ಎಂಬ ಅಳಿವೆಯಲ್ಲಿ ಆ ದೋಣಿಯನ್ನು ಕಂಬಕ್ಕೆ ಗುದ್ದಿಸಿಯೇ ಲೇಖಕರಿಗೆ ಸಮಾಧಾನ. ಅದೇ ಜಾತಿಯ ದೋಣಿಯನ್ನು ಇವತ್ತು ಜನ ಪರಂಪರೆಯ ಆಸ್ತಿ ಎಂದು ಹತ್ತಿಬಟ್ಟೆಯಲ್ಲಿ ಒರೆಸಿಡುತ್ತಾರೆ. ಎಂಬತ್ತು ವರ್ಷ ಬದುಕಿದರೆ ಎಂಥ ಪುಂಡನಿಗೂ ಒಂದು ಸನ್ಮಾನ ಸಿಗುತ್ತದೆ.

ಹಳೆಯ ಕ್ರೂಸರಿನ ಆಕಾರ ಅದು ಓಡಾಡಿದ ನೀರಿನ ಆಕಾರ. ಥರ್ನ್ ನದಿಯ ಮೇಲೆ ಪಾಟರ್ ಹೈಯಮ್ ಎಂಬಲ್ಲಿ ಮಧ್ಯಯುಗದ ಒಂದು ಕಲ್ಲುಸೇತುವೆ ಇದೆ. ಅದರ ಕಮಾನಿನ ಅಡಿ ನೀರಿನಿಂದ ಮೇಲಕ್ಕೆ ಸಿಗುವ ಜಾಗ ಸುಮಾರು ಆರೂವರೆ ಅಡಿ, ಅದೂ ನಡುವಿನಲ್ಲಿ ಮಾತ್ರ. ನೀರು ಏರಿದ ದಿನ ಅಷ್ಟೂ ಇಲ್ಲ. ಬಾಡಿಗೆ ದೋಣಿಯವರು ಇದನ್ನು ತಾವೇ ದಾಟುವ ಹಾಗಿಲ್ಲ, ಅಲ್ಲಿನ ಪೈಲಟ್ ಬಂದು ದಾಟಿಸಬೇಕು. ಆದ್ದರಿಂದ ಬ್ರಾಡ್ಸ್‌ನ ಕ್ರೂಸರಿನ ಮಾಡು ತಗ್ಗು, ಮುಂದಿನ ಗಾಜು ಮಡಚುವಂಥದ್ದು, ಕೆಲವದರಲ್ಲಿ ಮಾಡೇ ಕೆಳಕ್ಕೆ ಜಾರುವಂಥದ್ದು. ಥೇಮ್ಸ್ ನದಿಯಲ್ಲಿ ಸೇತುವೆಗಳು ಬಹುಪಾಲು ಎತ್ತರ, ದಂಡೆಯಲ್ಲಿ ಶ್ರೀಮಂತರ ತೋಟಗಳು. ಅಲ್ಲಿನ ಕ್ರೂಸರಿಗೆ ಹೊಳೆಯುವ ಮಹಾಗನಿ, ಉದ್ದನೆಯ ಡೆಕ್ಕು, ಬಾಗಿದ ಗಾಜು. ಇನ್ನು ಮಧ್ಯ ಇಂಗ್ಲೆಂಡಿನ ಕಾಲುವೆಗಳದ್ದು ಬೇರೆಯೇ ನ್ಯಾಯ. 18ನೇ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಮೊದಲಾದವರು ಕಟ್ಟಿಸಿದ ಆ ಕಾಲುವೆಗಳ ಲಾಕ್‌ಗಳು, ಅಂದರೆ ಎರಡೂ ತುದಿಗೆ ಬಾಗಿಲಿಟ್ಟು ನೀರು ತುಂಬಿಸಿ ಬರಿದು ಮಾಡಿ ದೋಣಿಯನ್ನು ಏರಿಸಿಳಿಸುವ ಕಲ್ಲಿನ ತೊಟ್ಟಿಗಳು, ಬಹಳ ಕಡೆ ಏಳೇ ಅಡಿ ಅಗಲ. ಎಪ್ಪತ್ತು ಅಡಿ ಉದ್ದದ ಕಡ್ಡಿಯಂಥ ಸರಕುದೋಣಿ ಅಲ್ಲಿ ಸಲೀಸಾಗಿ ಹೋಗುತ್ತದೆ. ಹತ್ತಡಿ ಅಗಲದ ಕ್ರೂಸರು ಬಾಗಿಲಲ್ಲೇ ನಿಲ್ಲಬೇಕು. ಹಳೆಯ ದೋಣಿ ಕೊಳ್ಳುವವನು ಮೊದಲು ಅಳೆಯಬೇಕಾದದ್ದು ಎಂಜಿನ್ನಿನ ಬಲವನ್ನಲ್ಲ, ದೋಣಿಯ ಅಗಲವನ್ನೂ ನೀರಿನ ಮೇಲಿನ ಎತ್ತರವನ್ನೂ.

ರಜೆಗೆಂದು ಕಟ್ಟಿದ ದೋಣಿಗಳಿಗೆ ಒಮ್ಮೆ ಯುದ್ಧದ ಕರೆಯೂ ಬಂತು. 1940ರ ಮೇ 26ರಿಂದ ಜೂನ್ 4ರವರೆಗೆ ಫ್ರಾನ್ಸಿನ ಡಂಕರ್ಕ್ ಬಂದರು ಮತ್ತು ಮರಳದಂಡೆಗಳಿಂದ 3,38,226 ಸೈನಿಕರನ್ನು ಕಡಲು ದಾಟಿಸಿ ತಂದಾಗ, ನೌಕಾಪಡೆಯ ಹಡಗುಗಳ ಜೊತೆ ನೂರಾರು ಚಿಕ್ಕ ದೋಣಿಗಳೂ ಹೋದವು. ಥೇಮ್ಸ್‌ನ ಟೆಡಿಂಗ್ಟನ್ನಿನಲ್ಲಿ ದೋಣಿ ಕಟ್ಟುತ್ತಿದ್ದ ಡಗ್ಲಸ್ ಟಫ್ ನದಿಯುದ್ದಕ್ಕೂ ಲಂಗರು ಹಾಕಿದ್ದ ನೂರಕ್ಕೂ ಮಿಕ್ಕಿದ ದೋಣಿಗಳನ್ನು ಒಟ್ಟುಮಾಡಿ ಕಳಿಸಿದರು. ಅವುಗಳಲ್ಲಿ ಎಷ್ಟೋ ಮೊಣಕಾಲುದ್ದದ ನೀರಿನಲ್ಲಿ ತೇಲಬಲ್ಲವಾದ್ದರಿಂದ ದಂಡೆಯ ಹತ್ತಿರ ಹೋಗಿ ಸೈನಿಕರನ್ನು ಹತ್ತಿಸಿಕೊಳ್ಳಬಹುದಿತ್ತು. ಚಾರ್ಲ್ಸ್ ಲೈಟಾಲರ್ ಅವರ ಸನ್‌ಡೌನರ್ ಇಂಥದ್ದೇ ಒಂದು. 1912ರಲ್ಲಿ ನೌಕಾಪಡೆಯ ಉಪಯೋಗಕ್ಕೆ ಕಟ್ಟಿದ 58 ಅಡಿಯ ಉಗಿದೋಣಿಯನ್ನು ಅವರು ಕೊಂಡು ಮೋಟಾರ್ ಕ್ರೂಸರಾಗಿ ಮಾರ್ಪಡಿಸಿದ್ದರು. ಅದೇ 1912ರಲ್ಲಿ ಟೈಟಾನಿಕ್ ಮುಳುಗಿದಾಗ ಬದುಕುಳಿದ ಅಧಿಕಾರಿಗಳಲ್ಲಿ ಅತಿ ಹಿರಿಯರು ಈ ಲೈಟಾಲರ್. ಸರ್ಕಾರ ದೋಣಿ ಬೇಕು ಎಂದಾಗ, ಕೊಡುತ್ತೇನೆ, ಆದರೆ ನಡೆಸುವವನು ನಾನೇ ಎಂದರು. ಮಗನನ್ನೂ ಒಬ್ಬ ಹದಿಹರೆಯದ ಸ್ಕೌಟ್ ಹುಡುಗನನ್ನೂ ಕರೆದುಕೊಂಡು 1940ರ ಜೂನ್ 1ರಂದು ಹೋಗಿ ಬಂದರು. ತಿರುಗಿ ಬಂದಾಗ ದೋಣಿಯಲ್ಲಿದ್ದವರು 130 ಜನ. ಸನ್‌ಡೌನರ್ ಈಗ ರಾಮ್ಸ್‌ಗೇಟ್ ಊರಿನ ಕಡಲ ಸಂಗ್ರಹಾಲಯದವರ ವಶದಲ್ಲಿದೆ.

1965ರಲ್ಲಿ ಪ್ರಸಾರಕ ರೇಮಂಡ್ ಬ್ಯಾಕ್ಸ್‌ಟರ್ ಮತ್ತು ಇತರರು ಬದುಕಿರುವ ಇಂಥ ದೋಣಿಗಳನ್ನು ಹುಡುಕಿ ಮತ್ತೊಮ್ಮೆ ಡಂಕರ್ಕಿಗೆ ಒಯ್ದರು. ಅದರಿಂದ ಡಂಕರ್ಕ್ ಚಿಕ್ಕ ಹಡಗುಗಳ ಸಂಘ ಹುಟ್ಟಿತು. ಐದು ವರ್ಷಕ್ಕೊಮ್ಮೆ ಆ ಯಾನ ಈಗಲೂ ನಡೆಯುತ್ತದೆ. ಹಳೆಯ ಮರದ ದೋಣಿಗೆ ಬೆಲೆ ಬಂದದ್ದರಲ್ಲಿ ಈ ಸಂಘದ ಪಾಲು ದೊಡ್ಡದು. ಅಲ್ಲಿಯವರೆಗೆ ಅವು ಜೊಂಡಿನ ನಡುವೆ ಅರ್ಧ ಮುಳುಗಿ, ಇಲ್ಲವೇ ಯಾರದೋ ಬಡ ಸಂಸಾರಕ್ಕೆ ಮನೆಯಾಗಿ, ಇಲ್ಲವೇ ಚಳಿಗಾಲದ ಸೌದೆಯಾಗಿ ಕಳೆದುಹೋಗುತ್ತಿದ್ದವು. 50 ವರ್ಷ ದಾಟಿದ, 33 ಅಡಿಗಿಂತ ಉದ್ದದ ಹಡಗು ದೋಣಿಗಳಿಗೆ ಬ್ರಿಟನ್ನಿನಲ್ಲಿ ರಾಷ್ಟ್ರೀಯ ದಾಖಲೆಪುಸ್ತಕವೊಂದಿದೆ. ಅದರಲ್ಲಿ ಹೆಸರು ಬಂದರೆ ಗೌರವ, ಹಣ ಬಂದೇಬರುತ್ತದೆಂದಿಲ್ಲ.

ಹಣದ ಮಾತು ಬಂತು. ಕುಂಬು ಹಿಡಿದ ಕ್ರೂಸರು ಬಹಳ ಸಲ ಪುಕ್ಕಟೆಯಾಗಿಯೇ ಸಿಗುತ್ತದೆ, ಅದಕ್ಕೆ ಕಾರಣವೂ ಇದೆ. ದೋಣಿ ಕಟ್ಟಿಹಾಕುವ ಜಾಗದ ಬಾಡಿಗೆ ಅದು ಓಡಿದರೂ ಓಡದಿದ್ದರೂ ಬೆಳೆಯುತ್ತದೆ, ಒಡೆಸಿ ಹಾಕುವುದಕ್ಕೂ ದುಡ್ಡು ಕೊಡಬೇಕು. ಮಾರುವವನಿಗೆ ಹೋದರೆ ಸಾಕು. ಕೊಂಡವನು ಮುಂದಿನ ವರ್ಷಗಳಲ್ಲಿ ಸುರಿಯುವ ಹಣ ದೋಣಿ ಸಿದ್ಧವಾದ ಮೇಲೆ ಮಾರಿದರೂ ಮರಳುವುದು ಅಪರೂಪ. ಲೆಕ್ಕ ಬಲ್ಲವರು ಈ ಕೆಲಸಕ್ಕೆ ಇಳಿಯುವುದಿಲ್ಲ. ಇಳಿದವರು ಲೆಕ್ಕ ಬರೆದಿಡುವುದಿಲ್ಲ.

ಮರದ ದೋಣಿಗೆ ನದಿಯ ನೀರಿಗಿಂತ ಮಳೆಯ ನೀರು ದೊಡ್ಡ ಶತ್ರು. ಮರವನ್ನು ತಿನ್ನುವ ಬೂಷ್ಟಿಗೆ ತೇವವೂ ಬೇಕು, ಗಾಳಿಯೂ ಬೇಕು. ಸದಾ ನೀರಿನಲ್ಲಿ ಮುಳುಗಿ ನೆನೆದ ಹಲಗೆಯಲ್ಲಿ ಗಾಳಿಗೆ ಜಾಗವಿಲ್ಲ. ಚೆನ್ನಾಗಿ ಒಣಗಿದ, ತೇವ ಶೇಕಡಾ 20ರ ಕೆಳಗಿರುವ ಮರದಲ್ಲಿ ನೀರಿಲ್ಲ. ಎರಡರ ನಡುವಿನ ಮರವೇ ಬೂಷ್ಟಿನ ಊಟದೆಲೆ: ಡೆಕ್ಕಿನ ಸಂದಿನಿಂದ ಮಳೆ ಇಳಿದು ನಿಲ್ಲುವ ತೊಲೆಯ ತುದಿ, ಕಿಟಕಿ ಚೌಕಟ್ಟಿನ ಕೆಳಮೂಲೆ, ಹಿಂಬದಿಯ ಅಡ್ಡಹಲಗೆಯ ಅಂಚು. ಉಪ್ಪುನೀರು ಬೂಷ್ಟಿಗೆ ಹಿಡಿಸುವುದಿಲ್ಲ, ಸಿಹಿನೀರಿಗೆ ಆ ಗುಣವಿಲ್ಲ. ಹಾಗಾಗಿ ಜೀವಮಾನವೆಲ್ಲ ನದಿಯಲ್ಲೇ ಕಳೆದ ದೋಣಿಯ ತಳ ಗಟ್ಟಿಯಾಗಿದ್ದು ತಲೆ ಪುಡಿಯಾಗಿರುವುದು ಸಾಮಾನ್ಯ.

ಪರೀಕ್ಷಕ ಬಂದರೆ ಕೈಯಲ್ಲಿ ಪುಟ್ಟ ಸುತ್ತಿಗೆ ಇರುತ್ತದೆ. ಹಲಗೆಯುದ್ದಕ್ಕೂ ಕುಟ್ಟುತ್ತಾ ಕಿವಿಗೊಟ್ಟು ಹೋಗುತ್ತಾನೆ. ಗಟ್ಟಿಮರ ಠಣ್ ಎನ್ನುತ್ತದೆ, ಕುಂಬುಮರ ಒದ್ದೆ ಗೋಣಿಗೆ ಹೊಡೆದಂತೆ ಮಂಕಾಗಿ ಸದ್ದು ಕೊಡುತ್ತದೆ. ಅನುಮಾನ ಬಂದಲ್ಲಿ ಮೊನೆಯಿಂದ ಚುಚ್ಚಿ ನೋಡುತ್ತಾನೆ. ಆಮೇಲೆ ಒಂದೆರಡು ಮೊಳೆ, ತಿರುಪುಗಳನ್ನು ಬಿಚ್ಚಿಸುತ್ತಾನೆ, ಯಾಕೆಂದರೆ ಮರ ನೆಟ್ಟಗಿದ್ದರೂ ಅದನ್ನು ಹಿಡಿದಿಟ್ಟ ಲೋಹ ಸತ್ತಿರಬಹುದು. ಹಿತ್ತಾಳೆಯ ತಿರುಪಿನಲ್ಲಿ ವರ್ಷಗಳು ಕಳೆದಂತೆ ಸತುವು ಕರಗಿಹೋಗಿ ತಾಮ್ರ ಮಾತ್ರ ಉಳಿಯುತ್ತದೆ. ತಿರುಪು ನಸುಗೆಂಪಾಗಿ, ಬೆರಳಲ್ಲಿ ಹಿಡಿದರೆ ಮುರಿಯುವಷ್ಟು ಬಿರುಸಾಗುತ್ತದೆ. ಓಕ್ ಮರಕ್ಕೆ ಹೊಡೆದ ಕಬ್ಬಿಣದ ಮೊಳೆಯ ಕಥೆ ಇನ್ನೂ ಕೆಟ್ಟದ್ದು. ಓಕಿನ ಒಗರುರಸ ಕಬ್ಬಿಣವನ್ನು ತಿನ್ನುತ್ತದೆ, ತುಕ್ಕು ತಿರುಗಿ ಮರವನ್ನು ತಿನ್ನುತ್ತದೆ, ಮೊಳೆಯ ಸುತ್ತ ಕಪ್ಪು ಕಲೆ ಹಬ್ಬುತ್ತಾ ಹೋಗುತ್ತದೆ. ಹಿಂದಿನ ಒಳ್ಳೆಯ ಬಡಗಿಗಳು ಅದಕ್ಕೇ ತಾಮ್ರದ ಮೊಳೆ ಬಳಸಿದರು.

ತಾಮ್ರದ ಮೊಳೆ ಹೊಡೆಯಲು ಇಬ್ಬರು ಬೇಕು. ಚೌಕಮೈಯ ಮೊಳೆಯನ್ನು ಹೊರಗಿನಿಂದ ಹಲಗೆ ಮತ್ತು ಪಕ್ಕೆಮರ ಎರಡನ್ನೂ ತೂರಿ ಒಳಗೆ ಬರುವಂತೆ ಬಡಿಯಬೇಕು. ಹೊರಗಿನವನು ಭಾರದ ಕಬ್ಬಿಣದ ಗುಂಡೊಂದನ್ನು ಮೊಳೆಯ ತಲೆಗೆ ಒತ್ತಿ ಹಿಡಿಯುತ್ತಾನೆ. ಒಳಗಿನವನು ಮೊಳೆಯ ಮೊನೆಗೆ ಬಟ್ಟಲಿನಂತೆ ಕುಳಿಯಿರುವ ತಾಮ್ರದ ಬಿಲ್ಲೆ ತೊಡಿಸಿ ಕೆಳಕ್ಕಿಳಿಸಿ, ಮಿಕ್ಕ ಉದ್ದವನ್ನು ಕತ್ತರಿಸಿ, ತುಂಡಿನ ಅಂಚನ್ನು ಹಗುರವಾಗಿ ಸುತ್ತಲೂ ತಟ್ಟಿ ಅರಳಿಸುತ್ತಾನೆ. ಜೋರಾಗಿ ಹೊಡೆದರೆ ಮೊಳೆ ಒಳಗೇ ಬಾಗುತ್ತದೆ, ಮೆಲ್ಲಗೆ ಹೊಡೆದರೆ ಬಿಗಿ ಬರುವುದಿಲ್ಲ. ಇಂಥ ಮೊಳೆಗಳು ಒಂದು ದೋಣಿಗೆ ಸಾವಿರಗಟ್ಟಲೆ. ಹೊರಗಿನವನಿಗೂ ಒಳಗಿನವನಿಗೂ ಮುಖ ಕಾಣುವುದಿಲ್ಲ, ಮಾತೆಲ್ಲ ತಟ್ಟಿ ತಟ್ಟಿಯೇ. ಗಂಡ ಹೆಂಡತಿ ಸೇರಿ ಈ ಕೆಲಸ ಮುಗಿಸಿದ್ದಾರೆ ಎಂದರೆ ಆ ಸಂಸಾರದ ಬಗ್ಗೆ ಬೇರೆ ಸರ್ಟಿಫಿಕೇಟು ಬೇಡ.

ಪಕ್ಕೆಮರ ಮುರಿದಿದ್ದರೆ ಹೊಸ ಓಕನ್ನು ಆವಿಯಲ್ಲಿ ಬೇಯಿಸಿ ಬಗ್ಗಿಸುತ್ತಾರೆ. ದಪ್ಪ ಒಂದು ಅಂಗುಲಕ್ಕೆ ಒಂದು ತಾಸು ಎಂಬುದು ರೂಢಿಯ ಲೆಕ್ಕ. ಉದ್ದನೆಯ ಮರದ ಪೆಟ್ಟಿಗೆಯೊಳಗೆ ಆವಿ ಬಿಟ್ಟು ಬೇಯಿಸಿದ ಕೋಲನ್ನು ಕೈಗವಸು ಹಾಕಿ ಎಳೆದು, ಓಡಿ, ದೋಣಿಯೊಳಗೆ ತುರುಕಿ, ಕಾಲಲ್ಲಿ ಒತ್ತಿ ಬಾಗಿಸಿ ಬಿಗಿಯಬೇಕು. ಸಿಗುವ ಸಮಯ ನಿಮಿಷವೂ ಇಲ್ಲ. ಇದಕ್ಕೆ ಹಸಿ ಓಕೇ ಆಗಬೇಕು. ವರ್ಷಗಟ್ಟಲೆ ಒಣಗಿಸಿದ ಬೆಲೆಬಾಳುವ ಓಕು ಬಾಗದೆ ಮುರಿಯುತ್ತದೆ. ಹಲಗೆ ಬದಲಿಸುವಾಗಲೂ ಒಂದು ಎಚ್ಚರಿಕೆಯಿದೆ. ಎಲ್ಲ ಹಲಗೆಗಳನ್ನೂ ಒಟ್ಟಿಗೆ ಕಿತ್ತರೆ ದೋಣಿಯ ಆಕಾರವೇ ಕೈತಪ್ಪುತ್ತದೆ. ಒಂದು ಬಿಟ್ಟು ಒಂದು ತೆಗೆದು, ಹೊಸದು ಕೂರಿಸಿ, ಆಮೇಲೆ ಉಳಿದವಕ್ಕೆ ಕೈಹಾಕಬೇಕು. ವರ್ಷಗಟ್ಟಲೆ ದಂಡೆಯಲ್ಲಿ ತಪ್ಪು ಊರುಗೋಲುಗಳ ಮೇಲೆ ಕೂತ ದೋಣಿಯ ನಡು ನಿಂತು ಎರಡು ತುದಿ ಜೋತಿರುತ್ತವೆ. ಕೋಣೆಯ ಬಾಗಿಲು ಚೌಕಟ್ಟಿಗೆ ಕೂರದಿದ್ದರೆ ಅದರ ಗುರುತು. ಇದನ್ನು ಜ್ಯಾಕಿನಿಂದ ದಿನಕ್ಕೆ ಕೂದಲೆಳೆಯಷ್ಟು ಎತ್ತುತ್ತಾ ವಾರಗಟ್ಟಲೆ ಸರಿಮಾಡುತ್ತಾರೆ.

ಯಾವ ಮರ ಎಂಬುದಕ್ಕೂ ಈಗ ಕಾನೂನಿನ ತೊಡಕಿದೆ. ಎಷ್ಟೋ ಹಳೆಯ ಕ್ರೂಸರುಗಳ ಮೈ ಮಧ್ಯ ಅಮೆರಿಕದ ಮಹಾಗನಿಯದ್ದು. ಆ ಮರ 2003ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ಆದ್ದರಿಂದ ಆಫ್ರಿಕದ ಸಪೇಲಿ, ಇರೋಕೊ ಬಳಸುತ್ತಾರೆ. ಸಪೇಲಿಯ ಬಣ್ಣ ಹತ್ತಿರ ಬರುತ್ತದೆ, ಅದೇ ಆಗುವುದಿಲ್ಲ. ಡೆಕ್ಕಿಗೆ ಮಾತ್ರ ಸಾಗುವಾನಿಯನ್ನು ಮೀರಿಸಿದ್ದು ಬಂದಿಲ್ಲ. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ: ಮುಂಬಯಿಯಲ್ಲಿ ಮಲಬಾರ್ ಸಾಗುವಾನಿಯಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೊಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಈಗಲೂ ತೇಲುತ್ತಿದೆ.

ಹಲಗೆಗಳ ಸಂದಿಗೆ ಹತ್ತಿಯ ಹುರಿ ತುಂಬುತ್ತಾರೆ. ಮೊಂಡು ಉಳಿಯಂಥ ಕಬ್ಬಿಣವನ್ನು ಸಂದಿಗಿಟ್ಟು ಕೊಡತಿಯಿಂದ ಹೊಡೆಯುತ್ತಾ, ಹುರಿಯನ್ನು ಸಣ್ಣ ಮಡಿಕೆ ಮಡಿಕೆಯಾಗಿ ಒಳಕ್ಕೆ ತಳ್ಳಬೇಕು, ಮೇಲೆ ಪುಟ್ಟಿ. ಹೊಸಬರು ಇಲ್ಲಿ ಬಲ ತೋರಿಸುತ್ತಾರೆ. ಹುರಿ ಅತಿಯಾಗಿ ಬಿಗಿದರೆ, ನೀರಿಗಿಳಿದ ಮೇಲೆ ಮರ ಉಬ್ಬಿ ಹಲಗೆಗಳು ಒಂದನ್ನೊಂದು ತಳ್ಳಿ ಮೊಳೆಗಳನ್ನೇ ಕೀಳುತ್ತವೆ. ಉಬ್ಬುವುದಕ್ಕೆ ಎಡೆ ಬಿಡುವುದು ಈ ವಿದ್ಯೆಯ ಅರ್ಧ ಪಾಲು. ದಂಡೆಯಲ್ಲಿ ಒಣಗಿದ ದೋಣಿಯನ್ನು ನೀರಿಗೆ ಬಿಟ್ಟ ಕೂಡಲೇ ಅದು ಎಲ್ಲ ಸಂದಿಗಳಿಂದ ನೀರು ಕುಡಿಯುತ್ತದೆ. ಅಟ್ಟದ ಮೇಲೆ ಒಣಗಿ ಬಿರಿದ ಮರದ ಮರಿಗೆಯನ್ನು ಹಬ್ಬದ ಹಿಂದಿನ ದಿನ ಇಳಿಸಿ ನೀರು ತುಂಬಿಡುತ್ತಿದ್ದ ಮಲೆನಾಡಿನ ಮನೆಗಳಲ್ಲಿ ಇದರ ಗುಟ್ಟು ಎಲ್ಲರಿಗೂ ಗೊತ್ತಿತ್ತು. ದೋಣಿಯನ್ನೂ ಕ್ರೇನಿನ ಪಟ್ಟಿಯಲ್ಲಿ ತೂಗುಬಿಟ್ಟೇ ಒಂದೆರಡು ದಿನ ನೀರಿನಲ್ಲಿಟ್ಟು, ಪಂಪು ಓಡಿಸುತ್ತಾ ಕಾಯುತ್ತಾರೆ. ಹಲಗೆ ಉಬ್ಬಿ ಸಂದಿ ಮುಚ್ಚಿದಂತೆ ಪಂಪಿನ ಸದ್ದಿಗೆ ಬಿಡುವು ಸಿಗುತ್ತದೆ.

ಇಷ್ಟು ಕಷ್ಟವೇಕೆ, ಮೇಲೊಂದು ಫೈಬರ್‌ಗ್ಲಾಸ್ ಹೊದಿಕೆ ಹಾಕಿಬಿಟ್ಟರಾಯಿತಲ್ಲ ಎಂದು ಎಷ್ಟೋ ಮಂದಿ ಹಾಕಿದರು. ಮರ ತೇವಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಹೊದಿಕೆ ಹಾಗೆ ಮಾಡುವುದಿಲ್ಲ. ಎರಡರ ನಡುವೆ ಬಿರುಕು ಬೀಳುತ್ತದೆ, ನೀರು ಹೊಗುತ್ತದೆ, ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿಯಿಲ್ಲ. ಹೊರಗಿನಿಂದ ಹೊಸದಾಗಿ ಕಾಣುವ ದೋಣಿ ಒಳಗಿಂದ ನುಣ್ಣಗೆ ಕೊಳೆಯುತ್ತದೆ. ಹಳೆಯ ಹಲಗೆದೋಣಿಗೆ ಇದಕ್ಕಿಂತ ದೊಡ್ಡ ಅಪಕಾರವಿಲ್ಲವೆಂದೇ ಹೇಳಬೇಕು. ಯುದ್ಧದ ನಂತರ ನೌಕಾಪಡೆ ಮಾರಿದ ಕೆಲವು ದೋಣಿಗಳಲ್ಲಿ ಎರಡು ಪದರ ಹಲಗೆ ಓರೆಯಾಗಿ ಒಂದರ ಮೇಲೊಂದು ಇರುತ್ತವೆ, ನಡುವೆ ಎಣ್ಣೆಬಟ್ಟೆ. ಒಳಪದರ ಕೆಟ್ಟರೆ ಹೊರಪದರವನ್ನೆಲ್ಲ ಬಿಚ್ಚಬೇಕು. ಅನುಭವಸ್ಥರೂ ಅವನ್ನು ಕಂಡರೆ ದೂರ.

ಎಂಜಿನ್ನಿನ ವಿಷಯದಲ್ಲಿ ಶುದ್ಧಾಚಾರದವರು, ಅನುಕೂಲದವರು ಎಂದು ಎರಡು ಪಂಗಡ. 1930ರ ದಶಕದ ಥಾರ್ನಿಕ್ರಾಫ್ಟ್, ಮಾರಿಸ್ ಪೆಟ್ರೋಲ್ ಎಂಜಿನ್ನನ್ನೇ ಉಳಿಸಬೇಕೆಂಬುದು ಮೊದಲಿನವರ ಹಟ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೂರುತ್ತದೆ. ಒಂದು ಕಿಡಿ ಸಾಕು. ಎರಡನೆಯವರು ಡೀಸೆಲ್ ಕೂರಿಸುತ್ತಾರೆ. ಬಾಡಿಗೆ ಕ್ರೂಸರುಗಳಲ್ಲಿ ದಶಕಗಳ ಕಾಲ ರಾಜ್ಯವಾಳಿದ್ದು ಬಿಎಂಸಿ ಕಂಪನಿಯ ಒಂದೂವರೆ ಲೀಟರಿನ ಡೀಸೆಲ್. 1,489 ಸಿ.ಸಿ.ಯ ಈ ಎಂಜಿನ್ನಿನ ಗುರುತು ಕನ್ನಡಿಗರಿಗೂ ಉಂಟು: 1970ರ ದಶಕದ ಕೊನೆಗೆ ಬಂದ ಡೀಸೆಲ್ ಅಂಬಾಸಿಡರಿನ ಮೂತಿಯೊಳಗೆ ಗುಡುಗುತ್ತಿದ್ದದ್ದು ಇದೇ ವಂಶದ್ದು. ಬೆಂಗಳೂರಿನ ಟ್ಯಾಕ್ಸಿಯಲ್ಲಿ ಗಾಳಿಯಿಂದ ತಂಪಾಗುತ್ತಿದ್ದ ರೇಡಿಯೇಟರಿನ ಬದಲಿಗೆ ದೋಣಿಯಲ್ಲಿ ನದಿಯ ನೀರೇ ತಂಪೆರೆಯುತ್ತದೆ. ವ್ಯತ್ಯಾಸ ಬಹುತೇಕ ಅಷ್ಟೆ.

ಪ್ರೊಪೆಲ್ಲರಿನ ದಂಡ ಒಡಲು ಹಾದು ಹೊರಗೆ ಹೋಗುವ ಕಡೆ ಗ್ರೀಸು ಮೆತ್ತಿದ ಹುರಿಯ ಬಿಗಿಹ ಇರುತ್ತದೆ. ದಂಡ ತಿರುಗುವಾಗ ಅಲ್ಲಿಂದ ನಿಮಿಷಕ್ಕೆ ಕೆಲವು ತೊಟ್ಟು ನೀರು ಒಳಗೆ ಬೀಳಲೇಬೇಕು. ತೊಟ್ಟಿಕ್ಕದಂತೆ ಬಿಗಿದರೆ ಹುರಿ ಕಾದು ಸುಟ್ಟು ದಂಡವನ್ನೇ ಸವೆಸುತ್ತದೆ. ಹೊರಗೆ ನೀರಿನಲ್ಲಿ ಬೇರೆ ಬೇರೆ ಲೋಹಗಳು ಸೇರಿದಲ್ಲಿ ಸಣ್ಣ ವಿದ್ಯುತ್ತು ಹರಿದು ಒಂದು ಲೋಹ ಸವೆಯುತ್ತದೆ. ಸವೆಯುವುದಕ್ಕೆಂದೇ ಒಂದು ಬಲಿಗಟ್ಟಿ ಕಟ್ಟುತ್ತಾರೆ, ಸಿಹಿನೀರಿಗೆ ಮೆಗ್ನೀಷಿಯಂ, ಉಪ್ಪುನೀರಿಗೆ ಸತು.

ದೋಣಿ ಎಷ್ಟೇ ಚೆಂದವಾಗಿದ್ದರೂ ಸುರಕ್ಷತೆಯ ಪತ್ರವಿಲ್ಲದೆ ನದಿಗೆ ಪರವಾನಗಿ ಸಿಗುವುದು ಕಷ್ಟ. 1997ರಿಂದ ಜಾರಿಯಲ್ಲಿರುವ ದೋಣಿ ಸುರಕ್ಷತಾ ಯೋಜನೆಯಡಿ ನಾಲ್ಕು ವರ್ಷಕ್ಕೊಮ್ಮೆ ಇಂಧನ, ಗ್ಯಾಸು, ವಿದ್ಯುತ್ ವ್ಯವಸ್ಥೆಗಳ ತಪಾಸಣೆಯಾಗಬೇಕು. ಗ್ಯಾಸ್ ಸಿಲಿಂಡರಿನ ಗೂಡು ಸೋರಿದ ಗ್ಯಾಸನ್ನು ದೋಣಿಯ ಒಳಕ್ಕೆ ಬಿಡದೆ ಹೊರಕ್ಕೇ ಇಳಿಸಬೇಕು. 2019ರಿಂದ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆಗಂಟೆಯೂ ಕಡ್ಡಾಯ. ಮುಚ್ಚಿದ ಕೋಣೆಯಲ್ಲಿ ಒಲೆ ಹಚ್ಚಿ ಮಲಗಿ ಮತ್ತೆ ಏಳದವರಿದ್ದರು.

ನೀರಿಗಿಳಿದ ಕ್ರೂಸರಿನ ಜೀವನಕ್ಕೆ ಅವಸರ ಗೊತ್ತಿಲ್ಲ. ಥೇಮ್ಸ್‌ನ ಮೇಲ್ಭಾಗದಲ್ಲಿ ವೇಗದ ಮಿತಿ ಗಂಟೆಗೆ 8 ಕಿಲೋಮೀಟರ್. ಬ್ರಾಡ್ಸ್‌ನಲ್ಲಿ ಜಾಗ ನೋಡಿ 3ರಿಂದ 6 ಮೈಲಿ. 3 ಮೈಲಿಯ ಮಿತಿಯಿರುವ ಕಡೆ ದಂಡೆಯಲ್ಲಿ ನಾಯಿ ಹಿಡಿದು ನಡೆಯುವವರು ದೋಣಿಯವರನ್ನು ಹಿಂದಿಕ್ಕಿ ಹೋಗುತ್ತಾರೆ. ಥೇಮ್ಸ್‌ನಲ್ಲಿ ಟೆಡಿಂಗ್ಟನ್ನಿನಿಂದ ಲೆಚ್‌ಲೇಡ್‌ವರೆಗೆ ನಲವತ್ತಕ್ಕೂ ಹೆಚ್ಚು ಲಾಕ್‌ಗಳಿವೆ, ಹೆಚ್ಚಿನವಕ್ಕೆ ಒಬ್ಬ ಕಾವಲುಗಾರ, ಒಂದು ಮನೆ, ಹೂದೋಟ. ಲಾಕ್ ಒಳಗೆ ಎಂಜಿನ್ ನಿಲ್ಲಿಸಿ ಮುಂದೆ ಹಿಂದೆ ಎರಡು ಹಗ್ಗ ಹಿಡಿಯಬೇಕು. ಇಳಿಯುವಾಗ ಹಗ್ಗವನ್ನು ಗಂಟುಹಾಕಿ ಮರೆತರೆ ನೀರು ಕೆಳಗೆ ಹೋಗುತ್ತದೆ, ದೋಣಿ ಗೋಡೆಗೆ ನೇತಾಡುತ್ತದೆ. ಬ್ರಾಡ್ಸ್‌ನಲ್ಲಿ ಲಾಕ್‌ಗಳ ಕಾಟ ಇಲ್ಲವೇ ಇಲ್ಲ ಎನ್ನಬಹುದು, ಅದರ ಬದಲಿಗೆ ಸಮುದ್ರದ ಉಬ್ಬರವಿಳಿತವಿದೆ. ಉತ್ತರದ ನದಿಗಳಿಂದ ದಕ್ಷಿಣದವಕ್ಕೆ ಹೋಗಬೇಕಾದರೆ ಗ್ರೇಟ್ ಯಾರ್ಮತ್ ಊರನ್ನು ಹಾಯಬೇಕು. ಇಳಿತ ಮುಗಿದು ನೀರು ತುಸು ಹೊತ್ತು ನಿಂತಾಗಲೇ ಅಲ್ಲಿ ದಾಟುವುದು ವಾಡಿಕೆ. ಹೊತ್ತು ತಪ್ಪಿದರೆ ಸೇತುವೆಯ ಅಡಿ ಜಾಗ ಸಾಲದು, ಸೆಳೆತವೂ ಬಲ. ಕೆರೆಯ ನಡುವೆ ರಾತ್ರಿ ತಂಗಲು ಕೊಕ್ಕೆಯ ಲಂಗರಿಗಿಂತ ಕೆಸರುಗುಂಡು ಎಂಬ ಭಾರದ ಎರಕದ ಕಬ್ಬಿಣವನ್ನೇ ಇಳಿಬಿಡುತ್ತಾರೆ. ತಳವೆಲ್ಲ ಮೆತ್ತನೆಯ ಕೆಸರು, ಗುಂಡು ತಾನಾಗಿ ಹೂತುಕೊಳ್ಳುತ್ತದೆ; ಬೆಳಿಗ್ಗೆ ಎತ್ತುವಾಗ ಅದರೊಂದಿಗೆ ಬರುವ ಕಪ್ಪು ಕೆಸರಿನಿಂದ ತೊಳೆದ ಡೆಕ್ಕು ಹಾಳು.

ಈ ನಿಧಾನದ ಜೀವನಕ್ಕೂ ಒಂದು ಬೆಲೆಯಿತ್ತು. ದೋಣಿಗಳೆಬ್ಬಿಸುವ ಅಲೆ ಜೊಂಡಿನ ದಂಡೆಯನ್ನು ಕೊರೆಯುತ್ತದೆ. 20ನೇ ಶತಮಾನದ ನಡುವಿನಿಂದ ಚರಂಡಿ ಮತ್ತು ಹೊಲಗಳ ರಂಜಕ ಸೇರಿ ಬ್ರಾಡ್ಸ್‌ನ ನೀರು ಪಾಚಿಗಟ್ಟಿತು, ತಳದ ಗಿಡಗಳು ಬೆಳಕಿಲ್ಲದೆ ಸತ್ತವು. ಪಾಚಿಯ ಪಾಪ ಹೆಚ್ಚಾಗಿ ದಂಡೆಯವರದ್ದು, ಬಯ್ಗುಳ ಹೆಚ್ಚಾಗಿ ದೋಣಿಯವರಿಗೆ. 1988ರ ಕಾಯ್ದೆಯಂತೆ ರಚನೆಯಾದ ಬ್ರಾಡ್ಸ್ ಪ್ರಾಧಿಕಾರ ದೋಣಿಸಂಚಾರ, ನಿಸರ್ಗ ಎರಡನ್ನೂ ಒಟ್ಟಿಗೆ ನೋಡಿಕೊಳ್ಳಬೇಕು. ಎರಡೂ ಕಡೆಯವರ ದೂರು ಒಂದೇ ಮೇಜಿಗೆ ಬರುತ್ತದೆ. ಹಳೆಯ ಕ್ರೂಸರಿನ ಪರವಾಗಿ ಒಂದು ಮಾತು ಹೇಳಬಹುದು. ಉದ್ದವಾಗಿ, ಕಿರಿದಾಗಿ, ನೀರನ್ನು ಸೀಳಿಕೊಂಡು ಹೋಗುವಂತೆ ಕಟ್ಟಿದ ಆ ಕಾಲದ ಒಡಲು ಮಿತಿಯ ವೇಗದಲ್ಲಿ ಹೆಚ್ಚು ಅಲೆ ಎಬ್ಬಿಸುವುದಿಲ್ಲ. ಅಗಲ ಬೆನ್ನಿನ ಪ್ಲಾಸ್ಟಿಕ್ ಮನೆಗಳಂಥವು ಎಬ್ಬಿಸುತ್ತವೆ.

ಅಕ್ಟೋಬರ್ ಬಂತೆಂದರೆ ಚಳಿಗಾಲದ ಸಿದ್ಧತೆ. ಎಂಜಿನ್ನಿನಲ್ಲಿ ಉಳಿದ ನೀರು ಹೆಪ್ಪುಗಟ್ಟಿದರೆ ಎರಕದ ಕಬ್ಬಿಣ ಸೀಳುತ್ತದೆ, ಅದಕ್ಕೆ ನೀರನ್ನೆಲ್ಲ ಬಸಿಯಬೇಕು. ಕುಡಿಯುವ ನೀರಿನ ಕೊಳವೆಗಳನ್ನೂ ಬರಿದು ಮಾಡಬೇಕು. ಮೇಲೆ ಹೊದಿಸುವ ಟಾರ್ಪಾಲಿನ ಎರಡೂ ತುದಿ ತೆರೆದಿರಬೇಕು. ಗಾಳಿಯಾಡದಂತೆ ಕಟ್ಟಿಟ್ಟ ದೋಣಿ ವಸಂತಕ್ಕೆ ಬೂಷ್ಟು ಹಿಡಿದು ಸಿಗುತ್ತದೆ. ಮರದ ದೋಣಿಯನ್ನು ಚಳಿಗಾಲವಿಡೀ ದಂಡೆಯಲ್ಲಿ ಒಣಗಿಸುವುದಿಲ್ಲ, ನೀರಿನಲ್ಲೇ ಬಿಟ್ಟು ತಳಕ್ಕೆ ಬಣ್ಣ ಹೊಡೆಯುವಷ್ಟು ದಿನ ಮಾತ್ರ ಮೇಲೆತ್ತುತ್ತಾರೆ. ವಾರ್ನಿಷ್ ಕೆಲಸ ಮಾರ್ಚ್‌ಗೆ. ಹೊಸ ಮರಕ್ಕಾದರೆ ಆರೆಂಟು ಲೇಪ, ಹಳೆಯದಕ್ಕೆ ಒಂದೆರಡು, ಪ್ರತಿ ಲೇಪದ ನಡುವೆ ಉಜ್ಜಿ ಧೂಳು ಒರೆಸಿ. ಇಬ್ಬನಿ ಬೀಳುವ ಮೊದಲೇ ಲೇಪ ಒಣಗಬೇಕಾದ್ದರಿಂದ ಮಧ್ಯಾಹ್ನ ಮೂರರ ಮೇಲೆ ಕುಂಚ ಹಿಡಿಯುವುದಿಲ್ಲ. ಬ್ರಾಡ್ಸ್‌ನಲ್ಲಿ ದೋಣಿಸುಂಕದ ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತದೆ. ಹೊಸ ವರ್ಷದ ಸುಂಕ ಕಟ್ಟಿದ ಮೇಲೆಯೇ ದೋಣಿಯ ಹಗ್ಗ ಬಿಚ್ಚುವುದು.